ಪಹಣಿಯಿಲ್ಲದ ಮನೆಯಿಂದ ಬರುವ ಕೃಷಿ ಉದ್ಯಮಿ

ರಾಮನಗರದ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಶುರುವಾಗುವ ಮೊದಲು, ಗೂಡಿನಿಂದ ನೂಲು ಬಿಚ್ಚುವ ರೀಲರುಗಳು ಸಾಲುಸಾಲಾಗಿ ಹರಡಿದ ಗೂಡುಗಳ ನಡುವೆ ಓಡಾಡುತ್ತಿರುತ್ತಾರೆ. ಒಬ್ಬರು ಬಗ್ಗಿ ರಾಶಿಯ ತಳದಿಂದ ನಾಲ್ಕೈದು ಗೂಡು ಎತ್ತಿಕೊಂಡು, ಹೆಬ್ಬೆರಳಿನಿಂದ ಅದುಮಿ ನೋಡಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಟಕಟಕನೆ ಸದ್ದು ಮಾಡಿದರೆ ಗೂಡು ಹದವಾಗಿದೆ ಎಂದು ಅರ್ಥ. ಸದ್ದು ಮಂದವಾಗಿದ್ದರೆ ಹುಳು ಒಳಗೇ ಸತ್ತು ಕೊಳೆತಿರಬಹುದು, ಬಿಸಿನೀರಿನ ತೊಟ್ಟಿಯಲ್ಲಿ ಎಳೆ ಪದೇಪದೇ ತುಂಡಾಗಬಹುದು. ಈ ಪರೀಕ್ಷೆಯ ಮೇಲೆ ಅವರ ಆ ದಿನದ ಲಾಭ ನಷ್ಟ ನಿಂತಿದೆ. ಒಂದು ಕಿಲೋ ರೇಷ್ಮೆ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಗುತ್ತದೆ ಎಂಬ ಲೆಕ್ಕಕ್ಕೆ ಈ ಕಸುಬಿನಲ್ಲಿ ರೆಂಡಿಟ್ಟಾ ಎನ್ನುತ್ತಾರೆ. ರೆಂಡಿಟ್ಟಾ 8 ಇದ್ದರೆ ಸಾವಿರ ಕಿಲೋ ಗೂಡಿನಿಂದ 125 ಕಿಲೋ ನೂಲು ಸಿಗುತ್ತದೆ. ಅದು 7ಕ್ಕೆ ಇಳಿದರೆ ಸುಮಾರು 143 ಕಿಲೋ.

ಆ ರೀಲರ್ ಮುಸ್ಲಿಮರಾಗಿರುವ ಸಾಧ್ಯತೆ ಹೆಚ್ಚು. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚುವ ಕಸುಬು ತಲೆಮಾರುಗಳಿಂದ ಬಹುಮಟ್ಟಿಗೆ ಮುಸ್ಲಿಂ ಕುಟುಂಬಗಳ ಕೈಯಲ್ಲಿದೆ. ಅಂಥ ಮನೆಯ ಹುಡುಗನೋ ಹುಡುಗಿಯೋ ಇಂದು ಬಿಕಾಂ, ಬಿಎಸ್ಸಿ, ಎಂಬಿಎ ಓದುತ್ತಿದ್ದರೆ ಅವರ ಮನೆಯಲ್ಲಿ ಕೃಷಿ ಉತ್ಪನ್ನದ ಗುಣಮಟ್ಟ, ಬೆಲೆ, ಸಾಗಣೆ, ಸಾಲ, ಕೂಲಿ ಇವೆಲ್ಲದರ ತಿಳಿವಳಿಕೆ ದಂಡಿಯಾಗಿರುತ್ತದೆ. ಆ ಮನೆಯಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಪಹಣಿ. ಮುಸ್ಲಿಂ ವಿದ್ಯಾರ್ಥಿಗಳನ್ನು ಕೃಷಿ ಉದ್ಯಮದ ಕಡೆಗೆ ಪ್ರೇರೇಪಿಸುವುದು ಏನು ಎಂಬ ಪ್ರಶ್ನೆಗೆ ಕರ್ನಾಟಕದ ಮಟ್ಟಿಗೆ ಉತ್ತರ ಹುಡುಕಹೊರಟರೆ ಈ ಇರುವಿಕೆ ಮತ್ತು ಇಲ್ಲದಿರುವಿಕೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ.

ಈ ಬಗೆಯ ಪ್ರಶ್ನೆಯನ್ನು ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಪ್ರಶ್ನಾವಳಿಯ ಮೂಲಕ ಕೇಳುತ್ತವೆ. ಮನಶ್ಶಾಸ್ತ್ರಜ್ಞ ಐಸೆಕ್ ಐಜೆನ್ 1991ರಲ್ಲಿ ವಿಸ್ತಾರವಾಗಿ ಮಂಡಿಸಿದ ಯೋಜಿತ ವರ್ತನೆಯ ಸಿದ್ಧಾಂತ ಇಂಥ ಅಧ್ಯಯನಗಳಿಗೆ ಆಧಾರವಾಗಿರುವುದುಂಟು. ಅದರ ಪ್ರಕಾರ ಒಬ್ಬ ವ್ಯಕ್ತಿಯ ಉದ್ದೇಶವನ್ನು ರೂಪಿಸುವುದು ಮೂರು ಸಂಗತಿಗಳು: ಆ ಕೆಲಸದ ಬಗ್ಗೆ ಅವನಿಗಿರುವ ಮನೋಭಾವ, ತನ್ನವರು ಅದನ್ನು ಹೇಗೆ ನೋಡುತ್ತಾರೆಂಬ ಅರಿವು, ಮತ್ತು ಅದು ತನ್ನ ಕೈಯಲ್ಲಿ ಸಾಧ್ಯ ಎಂಬ ನಂಬಿಕೆ. ಮುಸ್ಲಿಂ ವಿದ್ಯಾರ್ಥಿಗಳ ವಿಷಯ ಬಂದಾಗ ಇದರ ಜೊತೆಗೆ ಧಾರ್ಮಿಕ ಶ್ರದ್ಧೆಯನ್ನೂ ಒಂದು ಅಂಶವಾಗಿ ಸೇರಿಸುತ್ತಾರೆ. ಚೌಕಟ್ಟಿನಲ್ಲಿ ತಪ್ಪೇನಿಲ್ಲ. ಆದರೆ ತರಗತಿಯಲ್ಲಿ ಕುಳಿತು 'ಹೌದು, ನಾನು ಉದ್ಯಮಿಯಾಗುತ್ತೇನೆ' ಎಂದು ಗುರುತು ಹಾಕುವುದಕ್ಕೂ, ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕು ಲಾರಿ ಮಾವಿನಕಾಯಿಯ ಹೊಣೆ ಹೊರುವುದಕ್ಕೂ ನಡುವೆ ಇರುವ ದೂರವನ್ನು ಪ್ರಶ್ನಾವಳಿ ಅಳೆಯುವುದಿಲ್ಲ. 1964ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಅವರು ಆಂಧ್ರದ ಕಾಕಿನಾಡದಲ್ಲಿ ಸಾಧನೆಯ ಹಂಬಲವನ್ನು ಬೆಳೆಸುವ ತರಬೇತಿಯನ್ನು ಕೊಟ್ಟು ನೋಡಿದರು. ತರಬೇತಿ ಪಡೆದವರು ಆಮೇಲೆ ಹೆಚ್ಚು ಚುರುಕಾಗಿ ವ್ಯವಹಾರ ವಿಸ್ತರಿಸಿದರು ಎಂಬುದು ಆ ಪ್ರಯೋಗದ ಫಲಿತಾಂಶ. ಆದರೆ ಅಲ್ಲಿ ಸೇರಿದ್ದವರು ಆಗಲೇ ಅಂಗಡಿ, ವ್ಯಾಪಾರ ನಡೆಸುತ್ತಿದ್ದವರು ಎಂಬುದನ್ನು ಮರೆಯುವಂತಿಲ್ಲ. ಹಂಬಲ ಫಲ ಕೊಟ್ಟದ್ದು ಕೈಗೆ ಸಿಗುವ ಕಸುಬೊಂದು ಪಕ್ಕದಲ್ಲಿದ್ದ ಕಡೆಯಲ್ಲಿ.

ಹಾಗಿದ್ದರೆ ಇಲ್ಲಿನ ವಿದ್ಯಾರ್ಥಿಗಳ ಪಕ್ಕದಲ್ಲಿರುವ ಕಸುಬು ಯಾವುದು? 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ 12.9ರಷ್ಟಿದ್ದಾರೆ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪಟ್ಟಣ, ನಗರಗಳಲ್ಲಿದ್ದಾರೆ. ಮುಸ್ಲಿಮರ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ಸಾಚಾರ್ ಸಮಿತಿಯ 2006ರ ವರದಿ ದೇಶದ ಮಟ್ಟದಲ್ಲಿ ಎರಡು ಸಂಗತಿಗಳನ್ನು ಗುರುತಿಸಿತ್ತು: ಬೇಸಾಯದಲ್ಲಿ ಮುಸ್ಲಿಮರ ಪಾಲು ಇತರರಿಗಿಂತ ಕಡಿಮೆ, ಸ್ವಂತ ದುಡಿಮೆಯಲ್ಲಿ ಹೆಚ್ಚು. ದುಡಿಯುವ ಮುಸ್ಲಿಮರಲ್ಲಿ ಸುಮಾರು ಶೇ 61ರಷ್ಟು ಮಂದಿ ಸ್ವಯಂ ಉದ್ಯೋಗಿಗಳಾಗಿದ್ದರೆ ಹಿಂದೂಗಳಲ್ಲಿ ಈ ಪ್ರಮಾಣ ಶೇ 55ರ ಆಸುಪಾಸಿನಲ್ಲಿತ್ತು. ವಿಜಯಪುರ, ಕಲಬುರಗಿ, ಬೀದರ ಕಡೆಯ ಹಳ್ಳಿಗಳಲ್ಲಿ ನಾಲ್ಕಾರು ಎಕರೆ ಹೊಲದ ಮುಸ್ಲಿಂ ರೈತರು ಇದ್ದೇ ಇದ್ದಾರೆ. ಆದರೂ ಒಟ್ಟಾರೆ ನೋಡಿದರೆ ಈ ಸಮುದಾಯಕ್ಕೆ ಕೃಷಿಯೊಂದಿಗಿರುವ ನಂಟು ಬೆಳೆ ಹೊಲದಿಂದ ಹೊರಬಿದ್ದ ನಂತರದ ಹಾದಿಯಲ್ಲೇ ಹೆಚ್ಚು: ಗೂಡು, ಮಾವು, ಹುಣಸೆ, ಕುರಿ, ತರಕಾರಿ ಮಂಡಿ, ಹಣ್ಣಿನ ತಳ್ಳುಗಾಡಿ. ಕೃಷಿ ಉದ್ಯಮ ಎಂದು ಪಠ್ಯದಲ್ಲಿ ಓದಿಸುವುದು ಬಹುಪಾಲು ಈ ಹಾದಿಯನ್ನೇ.

ಕಾಲೇಜಿನ ಮೆಟ್ಟಿಲು ಹತ್ತುವವರೇ ಕಡಿಮೆ ಎಂಬ ಸತ್ಯವೂ ಇದೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯಂತೆ 2020-21ರಲ್ಲಿ ದೇಶದ ಒಟ್ಟು ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಶೇ 4.6ರಷ್ಟು ಮಾತ್ರ; ಜನಸಂಖ್ಯೆಯಲ್ಲಿ ಅವರ ಪಾಲು ಶೇ 14.2. ಹೀಗಾಗಿ ಪದವಿ ತಲುಪಿದ ಒಬ್ಬೊಬ್ಬರ ಮೇಲೂ ಮನೆಯವರ ನಿರೀಕ್ಷೆ ಭಾರವಾಗಿರುತ್ತದೆ. 'ಓದಿಸಿದ್ದು ಮತ್ತೆ ಮಂಡಿಯಲ್ಲಿ ಕೂರಿಸುವುದಕ್ಕಾ?' ಎಂದು ಕೇಳುವ ತಂದೆ, ಆ ಮಂಡಿಯ ದುಡಿಮೆಯಿಂದಲೇ ಮಗನ ಶುಲ್ಕ ಕಟ್ಟಿದವರು. ಪ್ರಶ್ನಾವಳಿಯ ಭಾಷೆಯಲ್ಲಿ 'ತನ್ನವರ ಅಭಿಪ್ರಾಯ' ಎಂಬುದು ಇಲ್ಲಿ ಒಂದೇ ದಿಕ್ಕಿಗೆ ಎಳೆಯುವುದಿಲ್ಲ. ಕಸುಬನ್ನು ಕಲಿಸುವವರೇ ಅದರಿಂದ ದೂರ ಹೋಗು ಎಂದೂ ಹೇಳುತ್ತಾರೆ. ಈ ಎಳೆದಾಟದಲ್ಲಿ ವಿದ್ಯಾರ್ಥಿ ಮತ್ತೆ ಕಸುಬಿನತ್ತ ತಿರುಗುವಂತೆ ಮಾಡುವುದು ಹಲವು ಸಲ ಕೆಲಸದ ಮಾರುಕಟ್ಟೆಯೇ. ಪದವಿಯ ನಂತರ ಬೆಂಗಳೂರಿನಲ್ಲಿ ಸಿಗುವ ಮೊದಲ ಸಂಬಳ ಬಾಡಿಗೆ, ಊಟ, ಬಸ್ಸಿಗೆ ಮುಗಿದುಹೋಗುವಂತಿದ್ದರೆ, ಊರಿನ ವ್ಯಾಪಾರವನ್ನೇ ಓದಿನ ಬಲದಿಂದ ಬೇರೆ ಬಗೆಯಲ್ಲಿ ಮಾಡಬಹುದಲ್ಲ ಎಂಬ ಯೋಚನೆ ತಾನಾಗಿಯೇ ಬರುತ್ತದೆ. ಹೆಸರು ನೋಡಿ ಅರ್ಜಿ ಪಕ್ಕಕ್ಕೆ ಸರಿದೀತು ಎಂಬ ಅಂಜಿಕೆಯೂ ಅದಕ್ಕೆ ಸೇರಿಕೊಳ್ಳುತ್ತದೆ. ಸ್ವಂತ ವ್ಯವಹಾರದಲ್ಲಿ ಅರ್ಜಿಯನ್ನು ಯಾರ ಮುಂದೆಯೂ ಹಿಡಿಯಬೇಕಾಗಿಲ್ಲ.

ಆದರೆ ಮಾರುಕಟ್ಟೆಯಲ್ಲೂ ಹೆಸರು ಬೆನ್ನು ಬಿಡದ ದಿನಗಳನ್ನು ಈ ವಿದ್ಯಾರ್ಥಿಗಳು ಕಂಡಿದ್ದಾರೆ. 2022ರ ಏಪ್ರಿಲ್‌ನಲ್ಲಿ ಧಾರವಾಡದ ನುಗ್ಗಿಕೇರಿ ದೇವಸ್ಥಾನದ ಆವರಣದಲ್ಲಿ ಹಣ್ಣು ಮಾರುತ್ತಿದ್ದ ಹಿರಿಯ ಮುಸ್ಲಿಂ ವ್ಯಾಪಾರಿಯೊಬ್ಬರ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದು ಒಡೆದುಹಾಕಿದ ದೃಶ್ಯ ನಾಡಿನ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಅದೇ ಹೊತ್ತಿಗೆ ಮುಸ್ಲಿಂ ಹಣ್ಣಿನ ವ್ಯಾಪಾರಿಗಳಿಂದ ಕೊಳ್ಳಬೇಡಿ ಎಂಬ ಕರೆಗಳೂ ಕೇಳಿಬಂದವು. ಆ ವರ್ಷ ಪಿಯುಸಿಯಲ್ಲಿದ್ದವರು ಈಗ ಪದವಿ ಮುಗಿಸುವ, ಮುಗಿಸಿದ ವಯಸ್ಸಿನವರು. ಒಡೆದ ಕಲ್ಲಂಗಡಿಯ ನೆನಪು ಅವರ ಉದ್ಯಮದ ಲೆಕ್ಕಾಚಾರದಲ್ಲಿ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬಲಾರೆ. ಗಿರಾಕಿಯ ಎದುರು ನಿಂತು ಮಾರುವುದಕ್ಕಿಂತ ಕಾರ್ಖಾನೆಗೆ ತಿರುಳು ಪೂರೈಸುವುದು, ನೇಕಾರರಿಗೆ ನೂಲು ಕೊಡುವುದು, ರಫ್ತುದಾರರಿಗೆ ಸರಕು ಒದಗಿಸುವುದು ಹೆಚ್ಚು ಕ್ಷೇಮ ಎಂಬ ಲೆಕ್ಕ ಇಂಥ ಅನುಭವದಿಂದ ಹುಟ್ಟುತ್ತದೆ. ಅದೇ ಹೊತ್ತಿಗೆ, ಒಂದು ಗೂಡಿನ ಹರಾಜಿನಲ್ಲಿ ಗೂಡು ತಂದ ಒಕ್ಕಲಿಗ ರೈತನಿಗೂ ಕೊಳ್ಳುವ ಮುಸ್ಲಿಂ ರೀಲರಿಗೂ ಒಬ್ಬರನ್ನೊಬ್ಬರು ಬಿಟ್ಟರೆ ದಿನ ಸಾಗುವುದಿಲ್ಲ ಎಂಬ ಹಳೆಯ ಸತ್ಯವೂ ಅವರ ಕಣ್ಣಮುಂದೆ ಇದೆ.

ಇನ್ನು ಧರ್ಮದ ಮಾತು. ಹಲಾಲ್ ಕಮಾಯಿ, ಬರಕತ್ ಎಂಬ ಎರಡು ಪದಗಳು ಈ ಮನೆಗಳಲ್ಲಿ ದಿನನಿತ್ಯ ಕೇಳಿಬರುತ್ತವೆ. ಮೊದಲನೆಯದು ನ್ಯಾಯವಾಗಿ ದುಡಿದ ಗಳಿಕೆ. ಎರಡನೆಯದು ಆ ಗಳಿಕೆ ಕೈಯಲ್ಲಿ ನಿಂತು ಮನೆಯನ್ನು ಪೊರೆಯುವ ಗುಣ. ಗಿಡ ನೆಟ್ಟವನ ಗಿಡದಿಂದ ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೆ ಅದು ನೆಟ್ಟವನ ಲೆಕ್ಕಕ್ಕೆ ದಾನವಾಗಿ ಸೇರುತ್ತದೆ ಎಂಬ ಪ್ರವಾದಿವಚನವನ್ನು ಮದರಸಾದ ಮೆಟ್ಟಿಲು ಹತ್ತಿದ ಮಕ್ಕಳು ಕೇಳಿಯೇ ಇರುತ್ತಾರೆ. ಇಂಥ ನಂಬಿಕೆ ಬೇಸಾಯಕ್ಕೆ, ಆಹಾರದ ವ್ಯಾಪಾರಕ್ಕೆ ಒಂದು ಗೌರವ ಕೊಡುತ್ತದೆ ಎಂಬುದು ನಿಜ. ಆದರೆ ಶ್ರದ್ಧೆ ಹೆಚ್ಚಿದ್ದರೆ ಉದ್ಯಮದ ಆಸೆಯೂ ಹೆಚ್ಚುತ್ತದೆ ಎಂದು ಸರಳರೇಖೆ ಎಳೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಉದ್ಯಮ ಮಾಡಬೇಕೇ ಬೇಡವೇ ಎಂಬುದಕ್ಕಿಂತ, ಯಾವ ಉದ್ಯಮ, ಯಾವ ಹಣದಿಂದ, ಯಾವ ಕರಾರಿನಲ್ಲಿ ಎಂಬುದನ್ನೇ ಧರ್ಮ ಹೆಚ್ಚಾಗಿ ತೀರ್ಮಾನಿಸುತ್ತದೆ.

ಶ್ರೀನಿವಾಸಪುರದ ಮಾವನ್ನು ನೋಡಿ. ಅಲ್ಲಿ ವ್ಯಾಪಾರಿ ಮರದಲ್ಲಿ ಹೂ ಕಂಡಾಗಲೇ, ಕೆಲವೊಮ್ಮೆ ಅದಕ್ಕೂ ಮೊದಲೇ, ತೋಟವನ್ನು ಫಸಲಿನ ಗುತ್ತಿಗೆಗೆ ಹಿಡಿಯುತ್ತಾನೆ. ಎರಡು ಮೂರು ವರ್ಷದ ಫಸಲನ್ನು ಒಟ್ಟಿಗೆ ಗುತ್ತಿಗೆಗೆ ಕೊಡುವುದೂ ಉಂಟು. ರೈತನಿಗೆ ಮುಂಗಡ ಸಿಗುತ್ತದೆ. ವ್ಯಾಪಾರಿಗೆ ಬೆಲೆ ಅಗ್ಗವಾಗುತ್ತದೆ. ಆಲಿಕಲ್ಲು ಬಿದ್ದರೆ, ಹೂ ಉದುರಿದರೆ ವ್ಯಾಪಾರಿ ಮುಳುಗುತ್ತಾನೆ. ಇಸ್ಲಾಮಿನ ವ್ಯವಹಾರ ನಿಯಮಗಳಲ್ಲಿ ಇದಕ್ಕೆ ನೇರವಾದ ಆಕ್ಷೇಪವಿದೆ. ಇನ್ನೂ ಮೂಡದ ಫಲವನ್ನು ಮಾರುವುದು, ಮುಂದಿನ ವರ್ಷಗಳ ಫಸಲನ್ನು ಇಂದೇ ಮಾರುವುದು ಪ್ರವಾದಿಯವರು ತಡೆದ ವ್ಯವಹಾರಗಳು. ಕಾಯಿ ಮೂಡಿದ ನಂತರ ಯಾವ ಹಂತದಿಂದ ಮಾರಾಟ ಸಿಂಧು ಎಂಬಲ್ಲಿ ಮಾತ್ರ ಪಂಥಗಳ ನಡುವೆ ಅಭಿಪ್ರಾಯಭೇದವಿದೆ. ಕಾರಣ ಸ್ಪಷ್ಟ: ಇಲ್ಲದ ವಸ್ತುವಿನ ಮೇಲೆ ಇಬ್ಬರೂ ಜೂಜಾಡಿದಂತಾಗುತ್ತದೆ, ಒಬ್ಬರ ನಷ್ಟದಿಂದ ಇನ್ನೊಬ್ಬರಿಗೆ ಲಾಭವಾಗುತ್ತದೆ. ತಂದೆಯ ಕಾಲದಲ್ಲಿ ಯಾರೂ ಪ್ರಶ್ನಿಸದೆ ನಡೆದುಬಂದ ಈ ಗುತ್ತಿಗೆಯನ್ನು ಓದಿದ ಮಗ ಪ್ರಶ್ನಿಸಿದರೆ ಅವನ ಮುಂದೆ ಎರಡು ಬೇರೆ ದಾರಿಗಳಿವೆ. ಒಂದು, ಸಲಂ ಕರಾರು: ಗುಣಮಟ್ಟ, ತೂಕ, ಕೊಡುವ ದಿನಾಂಕ ಮೂರನ್ನೂ ಖಚಿತವಾಗಿ ಬರೆದು, ಪೂರ್ತಿ ಹಣವನ್ನು ಮೊದಲೇ ಕೊಟ್ಟು ಬೆಳೆಯನ್ನು ಕೊಳ್ಳುವುದು. ಮದೀನಾದ ಖರ್ಜೂರದ ಬೆಳೆಗಾರರಲ್ಲಿ ರೂಢಿಯಲ್ಲಿದ್ದ ಈ ಪದ್ಧತಿಯನ್ನು ಅಳತೆ, ತೂಕ, ಅವಧಿ ಖಚಿತವಾಗಿರಬೇಕೆಂಬ ಷರತ್ತಿನ ಮೇಲೆ ಪ್ರವಾದಿಯವರು ಒಪ್ಪಿದ್ದರು. ಇಲ್ಲಿ ಮಾರಾಟವಾಗುವುದು ಇಂಥದೇ ಮರದ ಕಾಯಿಯಲ್ಲ, ಇಂಥ ದರ್ಜೆಯ ಇಷ್ಟು ಟನ್ ತೋತಾಪುರಿ. ಇನ್ನೊಂದು, ಮುಸಾಕಾತ್: ತೋಟವನ್ನು ನೋಡಿಕೊಂಡು ಫಲದಲ್ಲಿ ಗೊತ್ತಾದ ಪಾಲು ಪಡೆಯುವುದು.

ಸಲಂ ಕರಾರನ್ನು ಸ್ವಲ್ಪ ಬಿಡಿಸಿ ನೋಡಿದರೆ, ತಿರುಳಿನ ಕಾರ್ಖಾನೆಗಳು ಬಯಸುವ ಪೂರೈಕೆ ಒಪ್ಪಂದಕ್ಕೂ ಅದಕ್ಕೂ ಹೆಚ್ಚಿನ ದೂರವಿಲ್ಲ. ದರ್ಜೆ ಬೇಕು, ತೂಕ ಬೇಕು, ದಿನಾಂಕ ಬೇಕು. ಧರ್ಮದ ಕಾರಣಕ್ಕೆ ಹಳೆಯ ಗುತ್ತಿಗೆಯನ್ನು ಬಿಟ್ಟ ವಿದ್ಯಾರ್ಥಿ ದರ್ಜೆ ವಿಂಗಡಣೆ, ತೂಕದ ಚೀಟಿ, ಬರಹದ ಕರಾರು ಇವುಗಳತ್ತ ಬರಲೇಬೇಕಾಗುತ್ತದೆ, ಮತ್ತು ಅದರಿಂದ ಅವನ ವ್ಯವಹಾರ ಆಧುನಿಕವಾಗುತ್ತದೆ. ಶ್ರದ್ಧೆಯೂ ವ್ಯವಹಾರ ಕೌಶಲವೂ ಹೀಗೆ ಒಂದೇ ಕಡೆ ಎಳೆಯುವ ಜಾಗಗಳನ್ನು ಗುರುತಿಸಿ ತರಗತಿಯಲ್ಲಿ ಪಾಠ ಮಾಡಿದರೆ ಎಷ್ಟು ಒಳ್ಳೆಯದಾಗುತ್ತಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಬೆಳೆಯ ಮೇಲೆ ಕೊಡಬೇಕಾದ ಧಾರ್ಮಿಕ ಪಾಲಾದ ಉಶ್ರ್ ಕೂಡ ಅಂಥದೇ ಪಾಠ. ಮಳೆಯಾಶ್ರಿತ ಬೆಳೆಗೆ ಹತ್ತನೆಯ ಒಂದು ಪಾಲು, ಖರ್ಚು ಮಾಡಿ ನೀರುಣಿಸಿದ ಬೆಳೆಗೆ ಇಪ್ಪತ್ತನೆಯ ಒಂದು ಪಾಲು ಎಂಬ ನಿಯಮದಲ್ಲಿ ನೀರಿನ ವೆಚ್ಚದ ಲೆಕ್ಕ ಅಡಗಿದೆ. ಹನಫಿ ಪಂಥ ಹೆಚ್ಚಾಗಿರುವ ಕೋಲಾರದಲ್ಲಿ ಮಾವಿಗೂ ಉಶ್ರ್ ಲೆಕ್ಕ ಹಾಕಬೇಕಾದರೆ, ಶಾಫಿ ಪಂಥದ ಭಟ್ಕಳದಲ್ಲಿ ಅದು ಶೇಖರಿಸಿಡಬಲ್ಲ ಮುಖ್ಯ ಆಹಾರ ಬೆಳೆಗಳಿಗೆ, ಖರ್ಜೂರ ಮತ್ತು ದ್ರಾಕ್ಷಿಗೆ ಸೀಮಿತ.

ಎಲ್ಲಕ್ಕಿಂತ ಬಿಗಿಯಾದ ಗಂಟು ಇರುವುದು ಬಂಡವಾಳದಲ್ಲಿ. ಬಡ್ಡಿ ನಿಷಿದ್ಧ ಎಂದು ನಂಬುವ ವಿದ್ಯಾರ್ಥಿಗೆ ಸರ್ಕಾರದ ಬಹುಪಾಲು ಯೋಜನೆಗಳು ಬ್ಯಾಂಕಿನ ಬಾಗಿಲಿನ ಮೂಲಕವೇ ತೆರೆಯುತ್ತವೆ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಪಿಎಂಎಫ್ಎಂಇ ಯೋಜನೆಯಲ್ಲಿ ಮೂಲ ಸಹಾಯಧನ ಶೇ 35. ಕರ್ನಾಟಕ ಇದಕ್ಕೆ ಶೇ 15 ಸೇರಿಸಿ ಅರ್ಧದಷ್ಟು ವೆಚ್ಚವನ್ನು ಭರಿಸುತ್ತದೆ. ಇಷ್ಟು ಉದಾರವಾದ ಯೋಜನೆಯೂ ಬ್ಯಾಂಕ್ ಸಾಲಕ್ಕೆ ಹೊಂದಿಕೊಂಡೇ ಇದೆ, ಸಾಲ ಬೇಡವೆಂದವನಿಗೆ ಸಹಾಯಧನವೂ ಇಲ್ಲ. ವಿಚಿತ್ರವೆಂದರೆ, ಬಡ್ಡಿಯಿಲ್ಲದ ಸಾಲ ಕರ್ನಾಟಕದಲ್ಲಿ ಇದೆ. ಸಹಕಾರ ಸಂಘಗಳ ಮೂಲಕ ರೈತರಿಗೆ ಸಿಗುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆ ಸಾಲದ ಮಿತಿಯನ್ನು 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಅದು ಪಹಣಿ ಇದ್ದವರಿಗೆ. ನಿಜವಾಗಿ ಬಡ್ಡಿಯಿಲ್ಲದ ಹಣವನ್ನೇ ಹುಡುಕುತ್ತಿರುವ ಮಂಡಿಯ ಮನೆಯ, ರೀಲರ್ ಮನೆಯ ಮಕ್ಕಳಿಗೆ ಆ ಹಣ ಎಟುಕುವುದಿಲ್ಲ. ಕೃಷಿ ಪದವಿಗೆ ಸೇರುವಾಗಿನ ರೈತ ಮಕ್ಕಳ ಕೋಟಾ, ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಗಂಗಾ ಕಲ್ಯಾಣದ ಕೊಳವೆಬಾವಿ ಇವೂ ಜಮೀನಿನ ದಾಖಲೆಯನ್ನೇ ಕೇಳುತ್ತವೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ಕೃಷಿಕರಲ್ಲದವರೂ ಜಮೀನು ಕೊಳ್ಳಲು ಅವಕಾಶ ಕೊಟ್ಟಿತು, ಆದರೆ ಕೊಳ್ಳುವಷ್ಟು ಹಣವಿರುವ ವಿದ್ಯಾರ್ಥಿಗೆ ಈ ಲೇಖನದ ಅಗತ್ಯವೇ ಇಲ್ಲ.

ಸಮುದಾಯದ ಒಳಗಿನಿಂದಲೇ ಪಾಲುದಾರಿಕೆಯ ಹಣ ಎತ್ತಬಹುದಲ್ಲ ಎಂದು ಕೇಳಬಹುದು. ಲಾಭ ನಷ್ಟದಲ್ಲಿ ಪಾಲು ಹಂಚಿಕೊಳ್ಳುವ ಮುದಾರಬಾ ಪದ್ಧತಿ ಇದಕ್ಕಾಗಿಯೇ ಇರುವಂಥದು. ಆದರೆ 2019ರಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದಾಗ, ಹಲಾಲ್ ಹೂಡಿಕೆಯೆಂದು ನಂಬಿ ಮದುವೆಯ ಒಡವೆ, ನಿವೃತ್ತಿಯ ಹಣ ಹಾಕಿದ್ದ ಸಾವಿರಾರು ಕುಟುಂಬಗಳು ಬೀದಿಗೆ ಬಂದವು. ಅಂದಿನಿಂದ ಪಾಲುದಾರಿಕೆ ಎಂಬ ಮಾತಿಗೇ ಮನೆಗಳಲ್ಲಿ ಹಿಂಜರಿಕೆ. ಆ ಹಗರಣ ಕೊಳ್ಳೆ ಹೊಡೆದದ್ದು ಹಣವನ್ನಷ್ಟೇ ಅಲ್ಲ; ಮುಂದಿನ ತಲೆಮಾರಿನ ಪ್ರಾಮಾಣಿಕ ಉದ್ಯಮಿ ಕೇಳಬಹುದಾಗಿದ್ದ ನಂಬಿಕೆಯನ್ನೂ. ಇಂಥ ಸ್ಥಿತಿಯಲ್ಲಿ ಸಾಲವಲ್ಲದ ಸರ್ಕಾರಿ ಅನುದಾನಕ್ಕೆ ವಿಶೇಷ ಬೆಲೆ ಇದೆ. ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಡಿ ಧಾರವಾಡ ಕೃಷಿ ವಿಶ್ವವಿದ್ಯಾಲಯದಂಥ ಕಡೆ ನಡೆಯುವ, ಹೊಸ ಉದ್ಯಮಗಳನ್ನು ಬೆಳೆಸುವ ಪೋಷಣಾ ಕೇಂದ್ರಗಳ ಮೂಲಕ ಕಲ್ಪನೆಯ ಹಂತದಲ್ಲಿ 5 ಲಕ್ಷ, ಮುಂದಿನ ಹಂತದಲ್ಲಿ 25 ಲಕ್ಷ ರೂಪಾಯಿಗಳವರೆಗೆ ಅನುದಾನದ ಅವಕಾಶವಿದೆ. ಇದರಲ್ಲಿ ಬಡ್ಡಿಯ ಮಾತಿಲ್ಲ. ಈ ಸುದ್ದಿ ಕೃಷಿ ವಿವಿಗಳ ಆವರಣ ದಾಟಿ ಪಟ್ಟಣದ ಪದವಿ ಕಾಲೇಜಿನ ಬಿಕಾಂ ತರಗತಿಗೆ ತಲುಪಬೇಕು.

ಹೆಣ್ಣುಮಕ್ಕಳಿಗೆ ಈ ಲೆಕ್ಕ ಕೊಂಚ ಬೇರೆ. ಮಂಡಿ ಅವರಿಗೆ ಮುಚ್ಚಿದ ಜಾಗ. ಅಡುಗೆಮನೆ ತೆರೆದ ಜಾಗ. ಸಣ್ಣ ವಹಿವಾಟಿನ ಆಹಾರ ಘಟಕಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ಕಡಿಮೆ ಶುಲ್ಕದ ನೋಂದಣಿ ಸಾಕಾಗುವುದರಿಂದ ಮಸಾಲೆ ಪುಡಿ, ಉಪ್ಪಿನಕಾಯಿ, ಹುಣಸೆ ತಿರುಳಿನ ಸಣ್ಣ ಉದ್ಯಮಗಳಿಗೆ ಹೊಸಿಲಲ್ಲೇ ತಡೆ ಇಲ್ಲ. ಅವರಲ್ಲಿ ಹಲವರಿಗೆ ದೊಡ್ಡ ಪ್ರೇರಣೆ ಎಂದರೆ ಮದುವೆಯಾಗಿ ಬೇರೆ ಊರಿಗೆ ಹೋದರೂ ಕೈಬಿಟ್ಟುಹೋಗದ ಗಳಿಕೆ.

ಬೇರೆ ಕಡೆ ಇದನ್ನು ಹೇಗೆ ಬಿಡಿಸಿಕೊಂಡಿದ್ದಾರೆ ಎಂದು ನೋಡುವುದಾದರೆ ಇಂಡೋನೇಷ್ಯಾದ ಪಶ್ಚಿಮ ಜಾವಾದಲ್ಲಿ, ಬಾಂಡುಂಗ್ ಬಳಿಯ ಚಿವಿಡೆಯಲ್ಲಿರುವ ಅಲ್ ಇತ್ತಿಫಾಕ್ ಎಂಬ ಪೆಸಂತ್ರೆನ್ ಗಮನ ಸೆಳೆಯುತ್ತದೆ. 1934ರಲ್ಲಿ ಸ್ಥಾಪನೆಯಾದ ಈ ಇಸ್ಲಾಮಿ ವಸತಿ ಶಾಲೆಯ ವಿದ್ಯಾರ್ಥಿಗಳು ಧಾರ್ಮಿಕ ಓದಿನ ಜೊತೆಗೆ ತರಕಾರಿ ಬೆಳೆಯುತ್ತಾರೆ, ದರ್ಜೆ ಮಾಡಿ ಕಟ್ಟುತ್ತಾರೆ, ಸಂಸ್ಥೆಯ ಸಹಕಾರ ಸಂಘದ ಮೂಲಕ ಸೂಪರ್ ಮಾರ್ಕೆಟ್ಟುಗಳಿಗೆ ಕಳಿಸುತ್ತಾರೆ. ಸುತ್ತಲಿನ ರೈತರೂ ಅದೇ ಸಂಘಕ್ಕೆ ಬೆಳೆ ಕೊಡುತ್ತಾರೆ. ವಿದ್ಯಾರ್ಥಿಯ ಹೆಸರಿನಲ್ಲಿ ಜಮೀನು ಇದೆಯೇ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಜಮೀನು, ಖರೀದಿಯ ಕರಾರು ಎರಡನ್ನೂ ಸಂಸ್ಥೆ ಹೊತ್ತುಕೊಂಡಿರುವುದರಿಂದ ಹದಿನೆಂಟರ ಹುಡುಗ ಕಲಿಯಬೇಕಾದುದು ಕೋಸಿನ ಯಾವ ಗಡ್ಡೆಯನ್ನು ತಿರಸ್ಕರಿಸಬೇಕು ಎಂಬುದನ್ನಷ್ಟೇ. ನಮ್ಮ ಮಂಡಿ, ಗೂಡಿನ ಮಾರುಕಟ್ಟೆಗಳ ಸುತ್ತಲಿನ ಕಾಲೇಜುಗಳಿಗೆ ಇಂಥದೊಂದು ಸಹಕಾರ ಸಂಘ ಕಟ್ಟುವುದು ಅಸಾಧ್ಯದ ಮಾತಲ್ಲ. ಪಹಣಿಯ ಬದಲು ಅಲ್ಲಿನ ಸದಸ್ಯತ್ವವೇ ಸಾಲಕ್ಕೂ ಅನುದಾನಕ್ಕೂ ದಾಖಲೆಯಾಗುವಂತೆ ಸರ್ಕಾರ ನಿಯಮ ಮಾಡಬೇಕು.

ಪಹಣಿಯಿಲ್ಲದವರ ಬಳಿ ಇರುವ ತಿಳಿವಳಿಕೆಗೆ ಎಷ್ಟು ಬೆಲೆ ಎಂಬುದಕ್ಕೆ ಚಾಂದ್ರಮಾನ ಪಂಚಾಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ರಂಜಾನ್ ಮತ್ತು ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ. 2024ರಲ್ಲಿ ರಂಜಾನ್ ಮಾರ್ಚ್ ಮಧ್ಯದ ಹೊತ್ತಿಗೆ ಆರಂಭವಾಗಿ ಕಲ್ಲಂಗಡಿಯ ಸುಗ್ಗಿಯೂ ಇಫ್ತಾರಿನ ಬೇಡಿಕೆಯೂ ಕೂಡಿಬಂದಿದ್ದವು. ಸುಮಾರು ಎಪ್ಪತ್ತು ಎಂಬತ್ತು ದಿನದ ಬೆಳೆಯಾದ ಕಲ್ಲಂಗಡಿಯನ್ನು ಆ ಲೆಕ್ಕದಲ್ಲಿ ಡಿಸೆಂಬರ್ ಕೊನೆಗೆ ಹಾಕಿದರೆ ಸಾಕಿತ್ತು. 2030ರಲ್ಲಿ ರಂಜಾನ್ ಎರಡು ಸಲ ಬರುತ್ತದೆ, ಜನವರಿ ಮೊದಲ ವಾರದಲ್ಲಿ ಒಮ್ಮೆ, ಡಿಸೆಂಬರ್ ಕೊನೆಯ ವಾರದಲ್ಲಿ ಮತ್ತೊಮ್ಮೆ. ಚಳಿಗಾಲದ ಇಫ್ತಾರಿಗೆ ಕಲ್ಲಂಗಡಿ ಅಷ್ಟು ಓಡುವುದಿಲ್ಲ, ಪಪ್ಪಾಯಿ, ಸೀಬೆ, ಬಾಳೆಯತ್ತ ಕೈ ಹೋಗುತ್ತದೆ. ಬಕ್ರೀದ್ ಕೂಡ 2024ರ ಜೂನ್ ಮಧ್ಯದಿಂದ 2030ರ ಏಪ್ರಿಲ್‌ಗೆ ಸರಿಯುತ್ತದೆ. ಬನ್ನೂರು ಕುರಿಯನ್ನೋ ಬಾಗಲಕೋಟೆ ಕಡೆಯ ಎಳಗ ತಳಿಯ ಕುರಿಯನ್ನೋ ಮೂರು ನಾಲ್ಕು ತಿಂಗಳು ಕಟ್ಟಿ ಮೇಯಿಸಿ ಹಬ್ಬಕ್ಕೆ ಮಾರುವವರಿಗೆ ಆಗ ಮೇಯಿಸುವ ತಿಂಗಳುಗಳೆಲ್ಲ ಒಣ ತಿಂಗಳುಗಳಾಗುತ್ತವೆ, ಹಸಿ ಮೇವು ಸಿಗುವುದಿಲ್ಲ. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮುಸುಕಿನ ಜೋಳ ಹಸಿರಾಗಿರುವ ಮಳೆಗಾಲದಲ್ಲೇ ಅದನ್ನು ಕೊಯ್ದು, ಕತ್ತರಿಸಿ, ಗಾಳಿಯಾಡದ ಚೀಲಗಳಲ್ಲಿ ತುಂಬಿ ರಸಮೇವು ಮಾಡಿಟ್ಟವರು ಆ ವರ್ಷಗಳ ಫೆಬ್ರವರಿ, ಮಾರ್ಚ್‌ಗಳಲ್ಲಿ ಕುರಿ ಸಾಕುವವರಿಗೆ ಮಾರಬಹುದು. ಅದಕ್ಕೆ ಬೇಕಾದದ್ದು ಒಂದು ಕತ್ತರಿಸುವ ಯಂತ್ರ, ಬಾಡಿಗೆಯ ಗೋದಾಮು, ಒಂದು ಸುಗ್ಗಿಯಷ್ಟು ಜೋಳದ ಹಣ, ಮತ್ತು ಯಾವ ವರ್ಷ ಯಾವ ತಿಂಗಳಲ್ಲಿ ಹಬ್ಬ ಬೀಳುತ್ತದೆ ಎಂಬ, ಆ ಮನೆಗಳ ಮಕ್ಕಳಿಗೆ ಆಗಲೇ ಗೊತ್ತಿರುವ ಲೆಕ್ಕ.